ಗುಡ್ಡ ಹತ್ತಿದಾಗ ಒಂದು ಕೆಲಸ ಮಾಡಿ

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಬರೆದಿದ್ದಾರೆ: ‘ಈಗ ಓಟು ಕೇಳೋಕೆ ಮನೆ ಬಾಗಿಲಿಗೆ ಬರುವವರೇ ಕಡಿಮೆ. ಪ್ರಚಾರವೆಲ್ಲ ಮೊಬೈಲಿನಲ್ಲೇ. ನಮ್ಮಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ನೆಟ್ ಇಲ್ಲದವನ ಓಟಿಗೆ ಬೆಲೆ ಕಡಿಮೆಯಾಯಿತೇ?’

ಇಲ್ಲ ಸ್ವಾಮಿ, ಓಟಿನ ಬೆಲೆ ಅಷ್ಟೇ ಇದೆ. ನಿಮ್ಮ ಮನೆ ಕಾಫಿಗೆ ಗಿರಾಕಿ ಕಡಿಮೆಯಾಗಿರಬಹುದು, ಅಷ್ಟೇ.

1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ನಿಂತಾಗ ಇಡೀ ದೇಶ ಚಿಕ್ಕಮಗಳೂರಿನತ್ತ ನೋಡಿತ್ತು. ಆಗ ಇದ್ದದ್ದು ಜೀಪು, ಮೈಕು, ಗೋಡೆ ಬರಹ. ಈಗ ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ, ಏಪ್ರಿಲ್ 26ರಂದು ನಮ್ಮ ಹಾಸನದಲ್ಲಿ ಶೇ. 77ಕ್ಕಿಂತ ಜಾಸ್ತಿ ಜನ ಓಟು ಹಾಕಿದರು. ಅದೇ ದಿನ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರೂ ಕಡೆ ಶೇ. 55 ಮುಟ್ಟಲಿಲ್ಲ. ಊರು ಬಿಟ್ಟು ಹೋದವರ ಹೆಸರು ಅಲ್ಲಿನ ಪಟ್ಟಿಯಲ್ಲಿ ಉಳಿದಿರುತ್ತದೆ ಅನ್ನುವುದನ್ನು ಒಪ್ಪೋಣ. ಆದರೂ ನೆಟ್ ಚೆನ್ನಾಗಿದ್ದ ಮಾತ್ರಕ್ಕೆ ಜನ ಬೂತಿಗೆ ಬರುವುದಿಲ್ಲ, ಅಲ್ವಾ?

ನೆಟ್ ಬದಲಿಸಿದ್ದು ಗಲಾಟೆಯನ್ನು. ಮತದಾನ ಮುಗಿಯುವ 48 ಗಂಟೆ ಮೊದಲೇ ಮೈಕು ಬಂದ್ ಆಗುತ್ತದೆ. ಮೊಬೈಲು ಆಗುವುದಿಲ್ಲ. ಅಭ್ಯರ್ಥಿ ತನ್ನ ಸೋಷಿಯಲ್ ಮೀಡಿಯಾ ಖಾತೆಗಳನ್ನು ಅಫಿಡವಿಟ್‌ನಲ್ಲಿ ತಿಳಿಸಬೇಕು, ಆ ಖರ್ಚಿನ ಲೆಕ್ಕವನ್ನೂ ಕೊಡಬೇಕು ಎಂದು ಚುನಾವಣಾ ಆಯೋಗ 2013ರಲ್ಲೇ ಹೇಳಿದೆ. ಆದರೆ ‘ಅಭಿಮಾನಿ ಬಳಗ’ದ ಲೆಕ್ಕ ಯಾರು ಕೊಡಬೇಕು? ವಾಟ್ಸಾಪ್ 2018ರಲ್ಲಿ ಫಾರ್ವರ್ಡ್ ಮಾಡುವುದನ್ನು ಒಮ್ಮೆಗೆ ಐದು ಕಡೆಗೆ ಇಳಿಸಿತು. ತುಂಬಾ ಸುತ್ತಾಡಿದ ಮೆಸೇಜಾದರೆ 2020ರಿಂದ ಒಂದೇ ಕಡೆಗೆ. ಆ ಒಂದು ಕಡೆ ಅನ್ನುವುದು ಸಾವಿರ ಜನರ ಗ್ರೂಪೂ ಆಗಿರಬಹುದು!

ನನ್ನ ಕಥೆಯನ್ನೂ ಕೇಳಿ. ಒಂದು ಚುನಾವಣೆಯಲ್ಲಿ ವಾರವಿಡೀ ‘ತಪ್ಪದೆ ಮತದಾನ ಮಾಡಿ’ ಎಂದು ಸ್ಟೇಟಸ್ ಹಾಕಿದೆ. ಆ ದಿನ ಬೂತಿಗೆ ಹೋದರೆ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ. ಮನೆ ಬದಲಿಸಿದ್ದೆ, ಪಟ್ಟಿ ನೋಡಿರಲಿಲ್ಲ. ಸುಮ್ನೆ ವಾಪಸ್ ಬಂದೆ. ಮನೆಯಲ್ಲಿ ನಗು ಇನ್ನೂ ನಿಂತಿಲ್ಲ.

ನೆಟ್ಟಿನಿಂದ ಮತದಾರನಿಗೆ ನಿಜವಾದ ಉಪಯೋಗ ಅಂದರೆ ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳುವುದೇ ಎಂದು ನನಗೆ ಅಂದೇ ಗೊತ್ತಾಯಿತು. ಹೊಸದಾಗಿ ಹೆಸರು ಸೇರಿಸಲು ಫಾರಂ 6, ತಿದ್ದಲು ಅಥವಾ ವಿಳಾಸ ಬದಲಿಸಲು ಫಾರಂ 8. ಎರಡನ್ನೂ ಮೊಬೈಲಿನಲ್ಲೇ ತುಂಬಬಹುದು. ನೆಟ್ ಇಲ್ಲದಿದ್ದರೆ ನಿಮ್ಮ ಊರಿನ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಇದ್ದಾರೆ, ಸಹಾಯವಾಣಿ 1950ಕ್ಕೆ ಫೋನ್ ಕೂಡ ಮಾಡಬಹುದು. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ.

ಮುಂದಿನ ಸಲ ಗುಡ್ಡ ಹತ್ತಿದಾಗ ನಿಮ್ಮ ವೋಟರ್ ಐಡಿ ನಂಬರ್ ಹಾಕಿ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಮನೆಯವರದ್ದನ್ನೂ, ಸಾಧ್ಯವಾದರೆ ತೋಟದಲ್ಲಿ ಕೆಲಸ ಮಾಡುವವರದ್ದನ್ನೂ.

- ಸಂ.