ಸಮುದ್ರ ಇಳಿಯಿತೇ, ನೆಲ ಏರಿತೇ?

ಪ್ರಶ್ನೆ: ಸುಣ್ಣದಕಲ್ಲಿನ ಕಡಲತೀರಗಳಲ್ಲಿ ಅಲೆಗಳಿಗೆ ನಿಲುಕದ ಎತ್ತರದಲ್ಲೂ ಗುಹೆಗಳಿರುತ್ತವೆ. ಕೆಲವೆಡೆ ಅವುಗಳ ಬಳಿಯಲ್ಲೇ ಸ್ತರಭಂಗದಿಂದ, ಅಂದರೆ ನೆಲ ಸೀಳಿ ಎರಡು ಬದಿಗಳು ಜರುಗಿದ್ದರಿಂದ, ಆದ ಕಡಿದಾದ ಬಂಡೆಗೋಡೆಯೂ ಕಾಣುತ್ತದೆ. ಭೂವಿಜ್ಞಾನಿಗಳು ಇವೆರಡನ್ನೂ ಒಟ್ಟಿಗೆ ಪರಿಶೀಲಿಸುವುದೇಕೆ?

ಉತ್ತರ: ಕಡಲಿನ ಗುರುತು ಅಷ್ಟು ಎತ್ತರದಲ್ಲಿ ಸಿಕ್ಕಾಗ ಸಮುದ್ರ ಇಳಿಯಿತೇ, ನೆಲವೇ ಮೇಲೇರಿತೇ ಎಂಬ ಪ್ರಶ್ನೆ ಏಳುತ್ತದೆ. ಗುಹೆಯೊಂದೇ ಇದನ್ನು ಇತ್ಯರ್ಥಪಡಿಸಲಾರದು.

ಇಂತಹ ಗುಹೆಗಳೆಲ್ಲ ಅಲೆಗಳು ಕೊರೆದವಲ್ಲ. ಕರಗಿದ ಸುಣ್ಣದಿಂದ ತುಂಬಿ, ಇನ್ನಷ್ಟು ಕಲ್ಲನ್ನು ಕರಗಿಸಲಾರದ ಸ್ಥಿತಿಗೆ ಬಂದ ಸಿಹಿನೀರು ತೀರದ ನೆಲದಡಿಯಲ್ಲಿ ಉಪ್ಪುನೀರಿನೊಂದಿಗೆ ಬೆರೆತಾಗ, ಆ ಮಿಶ್ರಣಕ್ಕೆ ಕಲ್ಲನ್ನು ಕರಗಿಸುವ ಶಕ್ತಿ ಮತ್ತೆ ಬರಬಲ್ಲದು. ಹೀಗೆ ಮೂಡಿದ ಗುಹೆಯ ಮಟ್ಟ ಅಂದಿನ ಸಮುದ್ರಮಟ್ಟಕ್ಕೆ ಹತ್ತಿರವಾಗಿರುತ್ತದೆ.

ಗುಹೆಯೊಳಗೆ ಹನಿಹನಿಯಾಗಿ ಬೆಳೆದ ಸುಣ್ಣದ ಕಂಬಗಳು ನನ್ನ ದೃಷ್ಟಿಯಲ್ಲಿ ಅತ್ಯಂತ ಅಮೂಲ್ಯವಾದ ದಾಖಲೆಗಳು. ಅವು ಬೆಳೆಯಲು ಗುಹೆಯಲ್ಲಿ ಗಾಳಿಯಿರಬೇಕು. ಕಡಲು ನುಗ್ಗಿದರೆ ಬೆಳವಣಿಗೆ ನಿಲ್ಲುತ್ತದೆ. ಇಟಲಿಯ ಅರ್ಜೆಂಟರೋಲಾದಲ್ಲಿ ಮುಳುಗಿರುವ ಗುಹೆಯೊಂದರ ಕಂಬಗಳನ್ನು ಕೊಯ್ದು ನೋಡಿದಾಗ, ಸುಣ್ಣದ ಪದರಗಳ ನಡುನಡುವೆ ಕಡಲಹುಳುಗಳು ಕಟ್ಟಿದ ಕೊಳವೆಗಳ ಪದರಗಳು ಕಂಡವು. ಯುರೇನಿಯಂ ಮತ್ತು ಥೋರಿಯಂ ಪ್ರಮಾಣದಿಂದ ಸುಣ್ಣದ ಪದರಗಳ ವಯಸ್ಸನ್ನು ಅಳೆಯಬಹುದಾದ್ದರಿಂದ, ನೀರು ಬಂದುಹೋದ ಕಾಲವೂ ತಿಳಿಯುತ್ತದೆ. ಫ್ರಾನ್ಸಿನ ಮಾರ್ಸೇ ಬಳಿಯ ಕೋಸ್ಕೇರ್ ಗುಹೆಯ ಬಾಗಿಲು ಇಂದು 37 ಮೀಟರ್ ನೀರಿನಡಿಯಲ್ಲಿದೆ. ಅದರೊಳಗೆ ಚಿತ್ರ ಬರೆದ ಶಿಲಾಯುಗದ ಜನ ಅಲ್ಲಿಗೆ ನಡೆದೇ ಹೋಗಿದ್ದರು.

ಸುಮಾರು 1,25,000 ವರ್ಷಗಳ ಹಿಂದೆ ಸಮುದ್ರಮಟ್ಟ ಇಂದಿಗಿಂತ 6ರಿಂದ 9 ಮೀಟರ್ ಎತ್ತರದಲ್ಲಿತ್ತು ಎಂಬುದು ಸಾಮಾನ್ಯ ಅಂದಾಜು. ಅದೇ ಕಾಲದ ಕಡಲಗುರುತು ಇದಕ್ಕಿಂತ ಬಹಳ ಮೇಲಿದ್ದರೆ ನೆಲ ಏರಿದೆ ಎಂದೇ ಅರ್ಥ. ಸ್ತರಭಂಗದ ಎರಡೂ ಬದಿಗಳಲ್ಲಿ ಒಂದೇ ವಯಸ್ಸಿನ ಗುರುತುಗಳು ಬೇರೆ ಬೇರೆ ಎತ್ತರದಲ್ಲಿದ್ದರೆ, ಆ ಅಂತರವೇ ಅಷ್ಟು ಕಾಲದಲ್ಲಿ ನೆಲ ಅಲ್ಲಿ ಎಷ್ಟು ಜರುಗಿತು ಎಂಬುದರ ಅಳತೆ; ಏಕೆಂದರೆ ಸಮುದ್ರಮಟ್ಟದ ಏರಿಳಿತ ಎರಡೂ ಬದಿಗೆ ಸಮಾನವಾಗಿರುತ್ತದೆ.

ಆ ಜರುಗುವಿಕೆ ಒಮ್ಮೆಲೇ ಆಯಿತೇ, ಹಲವು ಭೂಕಂಪಗಳಲ್ಲಿ ಆಯಿತೇ ಎಂಬುದನ್ನು ಬಂಡೆಗೋಡೆಯಲ್ಲಿ ಹುಡುಕಬೇಕು. ಬಹುಕಾಲ ಮಳೆಗೆ ಒಡ್ಡಿಕೊಂಡ ಅದರ ಮೇಲ್ಭಾಗ ಗುಳಿಬಿದ್ದು ಒರಟಾಗಿರುತ್ತದೆ. ಈಚೆಗೆ ಹೊರಬಂದ ಬುಡ ನುಣುಪಾಗಿದ್ದು, ಬಂಡೆಗಳು ಒಂದಕ್ಕೊಂದು ಉಜ್ಜಿದ ಗೀರುಗಳು ಅಲ್ಲಿ ಉಳಿದಿರುತ್ತವೆ. ಬಯಲಿಗೆ ಬಂದ ಸುಣ್ಣದಕಲ್ಲಿನಲ್ಲಿ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಿಂದ ಕ್ಲೋರಿನ್-36 ಎಂಬ ವಿಕಿರಣಶೀಲ ಕ್ಲೋರಿನ್ ಹುಟ್ಟುತ್ತಾ ಹೋಗುವುದರಿಂದ, ಬುಡದಿಂದ ಮೇಲಕ್ಕೆ ಅದರ ಪ್ರಮಾಣವನ್ನು ಅಳೆದು ಗೋಡೆಯ ಯಾವ ಭಾಗ ಯಾವಾಗ ಹೊರಬಂತು ಎಂದು ಲೆಕ್ಕಹಾಕಬಹುದು. ಗ್ರೀಸಿನ ಕೊರಿಂತ್ ಕೊಲ್ಲಿಯ ಬಳಿ 1981ರ ಭೂಕಂಪಗಳಲ್ಲಿ ಇಂತಹ ಗೋಡೆಯ ಬುಡದಲ್ಲಿ ಹೊಸ ಕಲ್ಲಿನ ಪಟ್ಟಿಯೊಂದು ಬಿಳಿಚಿಕೊಂಡು ಮೇಲೆದ್ದಿತು.