ಬೇಸಿಗೆ ಶಿಬಿರದ ಮಕ್ಕಳನ್ನು ದೇವರ ಬನಕ್ಕೆ ಕರೆದೊಯ್ಯುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು: ಏಪ್ರಿಲ್ ಕೊನೆಗೆ ತೀರ್ಥಹಳ್ಳಿ ಕಡೆ ಐದು ದಿನದ ಶಿಬಿರ. 10ರಿಂದ 13 ವರ್ಷದ 30 ಮಕ್ಕಳು ಈಗಲೇ ದಿನ ಎಣಿಸುತ್ತಿದ್ದಾರೆ. ಊರಿನ ಚೌಡಿ ಬನ (ಗ್ರಾಮದೇವತೆ ಚೌಡಿಯ ಹೆಸರಲ್ಲಿ ಕಡಿಯದೆ ಬಿಟ್ಟ ಕಾಡಿನ ತುಂಡು) ತೋರಿಸಿ ಪ್ರಕೃತಿ, ನಂಬಿಕೆ ಎರಡರ ಬಗ್ಗೆಯೂ ಅವರು ಯೋಚಿಸುವಂತಾಗಬೇಕು, ಆದರೆ ಅದು ಪ್ರವಚನ ಆಗಬಾರದು.

ಹಾಗಾದರೆ ಭಾಷಣಕ್ಕೆ ಯಾರನ್ನೂ ಕರೆಸಬೇಡಿ. ಬನದ ನಂಬಿಕೆಯೆಲ್ಲ ಕಟ್ಟುಪಾಡಿನ ರೂಪದಲ್ಲೇ ಇದೆ: ಕತ್ತಿ ತರಬೇಡ, ದರಗು (ಉದುರಿದ ಒಣ ಎಲೆ) ಗುಡಿಸಬೇಡ, ಬಿದ್ದ ಕೊಂಬೆಯನ್ನೂ ಹೊರಬೇಡ. ಮಕ್ಕಳು ಒಂದು ಬೆಳಿಗ್ಗೆ ಆ ಕಟ್ಟುಪಾಡನ್ನು ಪಾಲಿಸಲಿ, ಅದರಿಂದ ಆ ನೆಲಕ್ಕೆ ಏನಾಗಿದೆ ಅಂತ ತಾವೇ ಅಳೆಯಲಿ.

ಮೊದಲು ಉಣುಗಿನ ವಿಷಯ, ಏಕೆಂದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ರಕ್ತ ಹೀರುವ ಈ ಸಣ್ಣ ಹುಳ ಕಚ್ಚಿ ಹರಡುವ ಜ್ವರವೇ ಮಂಗನ ಕಾಯಿಲೆ. ಅದು 1957ರಲ್ಲಿ ಮೊದಲು ಗುರುತಿಸಲ್ಪಟ್ಟದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವ ಕಾಲ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ, ಅಂದರೆ ನಿಮ್ಮ ಶಿಬಿರದ ಕಾಲವೇ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಈಗ ನಿಲ್ಲಿಸಿದ್ದಾರೆ. ಹತ್ತು ದಿನ ಮುಂಚೆ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಇಲ್ಲವೇ ಆಶಾ ಕಾರ್ಯಕರ್ತೆಯ ಬಳಿ ಎರಡು ಮಾತು ಕೇಳಿ: ಈ ವರ್ಷ ಜ್ವರದ ಪ್ರಕರಣ ಬಂದಿದೆಯಾ, ಸುತ್ತಮುತ್ತ ಮಂಗ ಸತ್ತಿದೆಯಾ? ಒಂದಕ್ಕಾದರೂ ಹೌದು ಅಂದರೆ ಬನ ರದ್ದು. ಊರೊಳಗಿನ ಅಶ್ವತ್ಥಕಟ್ಟೆಯಲ್ಲೇ ಶಿಬಿರ ಮಾಡಿ, ಮಕ್ಕಳಿಗೆ ಕಾರಣವನ್ನೂ ಹೇಳಿ.

ಇಲ್ಲ ಅಂದರೂ ಪೂರ್ತಿ ತೋಳಿನ ಅಂಗಿ, ಪ್ಯಾಂಟಿನ ಅಂಚು ಕಾಲುಚೀಲದೊಳಗೆ, ಬಟ್ಟೆ ತಿಳಿ ಬಣ್ಣದ್ದು. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ಬಾಟಲಿಯ ಮೇಲೆ ಬರೆದಂತೆ ಹಚ್ಚಿ. ಮರಿ ಉಣುಗು ಗಸಗಸೆ ಕಾಳಿನಷ್ಟಿರುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಬಂದ ಕೂಡಲೇ ಸೋಪು ಹಚ್ಚಿ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಮಂಡಿಯ ಹಿಂಬದಿ ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ ಸುರಿಯುವುದು, ಬೆರಳಲ್ಲಿ ಹೊಸಕುವುದು ಬೇಡ. ಪೋಷಕರ ಕೈಗೆ ಒಂದು ಚೀಟಿ ಕೊಡಿ: ಎರಡು ವಾರದೊಳಗೆ ಜ್ವರ ಬಂದರೆ ಮಗು ಮಲೆನಾಡಿನ ಕಾಡಿಗೆ ಹೋಗಿತ್ತು ಅಂತ ವೈದ್ಯರಿಗೆ ಹೇಳಬೇಕು.

ಇಲ್ಲೊಂದು ಇಕ್ಕಟ್ಟು ಬರುತ್ತದೆ. ಬನದೊಳಗೆ ಚಪ್ಪಲಿ ಹಾಕುವಂತಿಲ್ಲ. ಉಣುಗಿನ ಕಾಲದಲ್ಲಿ ಬರಿಗಾಲಲ್ಲಿ ಮಕ್ಕಳನ್ನು ದರಗಿನ ಮೇಲೆ ನಡೆಸುವಂತಿಲ್ಲ. ಗುಡಿಸಿದ ದಾರಿಯಿದ್ದರೆ ದೇವರ ಕಲ್ಲಿನವರೆಗೆ ಮಾತ್ರ ಬರಿಗಾಲಲ್ಲಿ ಹೋಗಿ, ಪಾದಕ್ಕೂ ಎಣ್ಣೆ ಹಚ್ಚಿ. ದಾರಿಯಿಲ್ಲದಿದ್ದರೆ ಗಡಿಯಲ್ಲೇ ನಿಲ್ಲಿ. ಬೂಟು ಹಾಕಿ ನುಗ್ಗುವುದಕ್ಕಿಂತ ಹೊರಗೆ ನಿಂತು ನೋಡುವುದು ಮೇಲು.

ಬನ ನೋಡಿಕೊಳ್ಳುವ ಮನೆಯವರನ್ನು ಮುಂಚೆಯೇ ಖುದ್ದಾಗಿ ಕಂಡು ಬನ್ನಿ, ಫೋನಲ್ಲಿ ಮುಗಿಸಬೇಡಿ. ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳೂ ಬರಬಹುದಾ ಅಂತ ನೇರವಾಗಿ ಕೇಳಿ. ಇಲ್ಲ ಅಂದರೆ ಬೇರೆ ಬನ ಹುಡುಕಿ. ಬಾಗಿಲಲ್ಲಿ ಒಂದು ಮಗುವನ್ನು ನಿಲ್ಲಿಸಿದರೆ ಅದಕ್ಕೆ ನೆನಪಿರುವುದು ಅದೊಂದೇ. ಮುಟ್ಟಿನ ಕಟ್ಟುಪಾಡು ಇದ್ದರೂ ಅಷ್ಟೇ: ಹೆಣ್ಣುಮಕ್ಕಳನ್ನು ಎಲ್ಲರೆದುರು ಕೇಳಬೇಡಿ, ಇಡೀ ಗುಂಪೇ ಗಡಿಯ ಹೊರಗಿರಲಿ. ತೀರ್ಥ, ಕುಂಕುಮ ಬೇಕಾದವರಿಗೆ ಮಾತ್ರ.

ಶಿಬಿರಕ್ಕಾಗಿ ಮಕ್ಕಳು ಕಾಯುವ ಮೂರು ವಾರಕ್ಕೂ ಕೆಲಸ ಕೊಡಿ. ಮನೆಯ ಹಿರಿಯರನ್ನು ಕೇಳಿ ಮೂರು ಸಾಲು ಬರೆದು ತರಲಿ: ನಮ್ಮಲ್ಲಿ ಕಡಿಯದ ಮರ ಯಾವುದು, ಕಡಿದರೆ ಏನಾಗುತ್ತದಂತೆ, ಹಾಗೆ ಹೇಳಿದವರು ಯಾರು. ಪೇಟೆಯ ಮನೆಗಳಲ್ಲೂ ಅತ್ತಿ, ಬನ್ನಿ, ಬೇವು ಅಂತ ಉತ್ತರ ಸಿಗುತ್ತದೆ.

ಬನಕ್ಕೆ ಬೆಳಿಗ್ಗೆ 7ರಿಂದ 9.30. ಸಂಜೆ ಅಡ್ಡಮಳೆ, ಸಿಡಿಲು ಇರುತ್ತದೆ. ಆರಾರು ಮಕ್ಕಳ ಐದು ಗುಂಪು ಮಾಡಿ, ಒಮ್ಮೆಗೆ ಎರಡೇ ಗುಂಪು ಒಳಗೆ. ಹೋಲಿಕೆಗೆ ಪಕ್ಕದ ಸೊಪ್ಪಿನ ಬೆಟ್ಟ ಆರಿಸಿ. ಅದೇ ಮಣ್ಣು, ಅದೇ ಮಳೆ, ಆದರೆ ಅಲ್ಲಿ ತೋಟಕ್ಕೆ, ಕೊಟ್ಟಿಗೆಗೆ ಸೊಪ್ಪು ಕಡಿಯುತ್ತಾರೆ, ದರಗು ಗುಡಿಸುತ್ತಾರೆ. ಎರಡೂ ಕಡೆ (ಬನದಲ್ಲಾದರೆ ದಾರಿಯ ಇಲ್ಲವೇ ಗಡಿಯ ಪಕ್ಕದಲ್ಲೇ, ದರಗು ತುಳಿಯದಂತೆ) 40 ಮೀಟರ್ ಹಗ್ಗದಿಂದ 10 ಮೀಟರಿನ ಚೌಕ ಮಾಡಿ ಎಷ್ಟು ಬಗೆಯ ಮರವಿದೆ ಎಣಿಸಿ. ಹೆಸರು ಗೊತ್ತಾಗದಿದ್ದರೆ ‘ಒರಟು ತೊಗಟೆ’, ‘ನುಣುಪು ತೊಗಟೆ’ ಅಂತ ಬರೆದರೂ ಸಾಕು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ದರ್ಜಿಯ ಟೇಪಿನಿಂದ ಸುತ್ತಳತೆ ತೆಗೆಯಿರಿ, ಆದರೆ ಗುರುತಿಲ್ಲದ ಮರವನ್ನು ತಬ್ಬಿಸಬೇಡಿ. ಹೊಳಗೇರು ಮರದ ಸೊನೆ ತಾಗಿದರೆ ಚರ್ಮ ಬೊಕ್ಕೆ ಏಳುತ್ತದೆ. ತೊಗಟೆಯ ಮೇಲೆ ಕಪ್ಪು ಸೊನೆ ಒಣಗಿದ ಗೆರೆ ಕಂಡರೆ ದೂರ. ತುರಿಕೆ ತರಿಸುವ ನಸುಗುನ್ನಿ ಬಳ್ಳಿಯ ಕಾಯಿಯ ರೋಮ ತಾಗಿದರೆ ಉಜ್ಜದೆ ಅಂಟುಪಟ್ಟಿ ಒತ್ತಿ ಕಿತ್ತು ತೆಗೆಯಿರಿ. ಉಜ್ಜಿದಷ್ಟೂ ರೋಮ ಒಳಗೆ ಹೋಗುತ್ತದೆ.

ಮಕ್ಕಳಿಗೆ ಹೆಚ್ಚು ಹಿಡಿಸುವುದು ನೀರಿನ ಪರೀಕ್ಷೆ. 4 ಇಂಚಿನ ಪಿವಿಸಿ ಪೈಪನ್ನು 20 ಸೆಂ.ಮೀ. ತುಂಡು ಮಾಡಿ, ಮೇಲಿನ ದರಗು ಸರಿಸಿ, 3 ಸೆಂ.ಮೀ. ಮಣ್ಣಿಗೆ ಇಳಿಸಿ, ಅರ್ಧ ಲೀಟರ್ ನೀರು ಹಾಕಿ ಇಂಗುವ ಸಮಯ ನೋಡಬೇಕು. ಒಣ ಮಣ್ಣಿನಲ್ಲಿ ಮೊದಲ ಅಳತೆ ನಂಬಬೇಡಿ, ಎರಡನೆಯದನ್ನು ಬರೆದುಕೊಳ್ಳಿ. ಪೈಪು ಬೇರಿನ ಮೇಲೆ ಕುಳಿತರೆ ಬದಿಯಿಂದ ಸೋರಿ ಲೆಕ್ಕ ತಪ್ಪುತ್ತದೆ. ಬನದ ನೆಲಕ್ಕೆ ಪೈಪು ಬಡಿಯಲು ಮನೆಯವರು ಒಪ್ಪದಿದ್ದರೆ ಒತ್ತಾಯ ಬೇಡ, ಅಂಚಿನಲ್ಲಿ ಮಾಡಿ. ಎಲೆ, ಬೀಜ, ಗರಿ ಏನನ್ನೂ ಒಯ್ಯುವಂತಿಲ್ಲ, ಚಿತ್ರ ಬರೆಯಲಿ.

ಕೊನೆಗೆ ಹತ್ತು ಹೆಜ್ಜೆಗೊಬ್ಬರಂತೆ ದಾರಿಯ ಮೇಲೆ ಚಾಪೆ ಹಾಸಿ 15 ನಿಮಿಷ ಸುಮ್ಮನೆ ಕೂರಿಸಿ. ಮೊದಲ ಐದು ನಿಮಿಷ ಕಿಸಿಕಿಸಿ ನಗುತ್ತಾರೆ, ಗದರಿಸಬೇಡಿ, ನೀವೂ ಕೂತುಬಿಡಿ.

ಸಂಜೆಯ ಮಾತುಕತೆಯಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ‘ಹಿರಿಯರಿಗೆ ವಿಜ್ಞಾನ ಗೊತ್ತಿತ್ತು’ ಅನ್ನುವುದು. ಅಶ್ವತ್ಥ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಅನ್ನುವುದು ಈ ಜಾತಿಯ ಮಾತು. ಬೆಳಕಿಲ್ಲದೆ ಆಮ್ಲಜನಕ ಹುಟ್ಟುವುದಿಲ್ಲ. ಇನ್ನೊಂದು, ಎಲ್ಲವನ್ನೂ ಮೂಢನಂಬಿಕೆ ಅಂದುಬಿಡುವುದು. ಮಕ್ಕಳ ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಮನೆಯಿಂದ ತಂದ ಮೂರು ಸಾಲುಗಳನ್ನು ಪಕ್ಕದಲ್ಲಿ ಓದಿಸಿ, ‘ಹೆದರಿಕೆ ಹೋದರೆ ಈ ಮರ ಉಳಿಯುತ್ತಾ?’ ಅಂತ ಕೇಳಿ. ದೇವರಿದ್ದಾನಾ ಅಂತ ಕೇಳಿದರೆ ‘ನಿನಗೆ ಅಲ್ಲಿ ಕೂತಾಗ ಏನನಿಸಿತು’ ಅಂತ ತಿರುಗಿ ಕೇಳಿ. ತೀರ್ಪು ನೀವು ಕೊಡಬೇಕಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ಕೊಡಗಿನ ಲೆಕ್ಕ ಕೊಡಿ. ಅಲ್ಲಿ ದೇವರಕಾಡುಗಳ ಸಂಖ್ಯೆ ಸಾವಿರದ ಮೇಲಿದೆ. ದಾಖಲೆಯಲ್ಲಿ 1905ರಲ್ಲಿ ಸುಮಾರು 6,200 ಹೆಕ್ಟೇರ್ ಇದ್ದದ್ದು 1985ರ ಹೊತ್ತಿಗೆ 2,500ರ ಆಸುಪಾಸಿಗೆ ಇಳಿದಿತ್ತು. ದೇವರು ಅಲ್ಲೇ ಇದ್ದ, ಹಬ್ಬವೂ ನಡೆಯುತ್ತಿತ್ತು, ಕಾಡು ಮಾತ್ರ ಕರಗಿತು. ಕರಾವಳಿಯ ಎಷ್ಟೋ ನಾಗಬನಗಳಲ್ಲಿ ಜೀರ್ಣೋದ್ಧಾರದ ಹೆಸರಲ್ಲೇ ಮರ ಹೋಗಿ ಕಾಂಕ್ರೀಟ್ ಕಟ್ಟೆ ಬಂದಿದೆ. ನೀವು ಹೋಗುವ ಬನದಲ್ಲೂ ಟೈಲ್ಸ್ ಹಾಕಿದ್ದರೆ ಅದನ್ನು ಮುಚ್ಚಿಡದೆ, ಟೈಲ್ಸಿನ ಮೇಲೆ ಅರ್ಧ ಲೀಟರ್ ನೀರು ಸುರಿಸಿ ಅದು ಎಲ್ಲಿಗೆ ಹರಿಯುತ್ತದೆ ನೋಡಿಸಿ.