ಬೆಟ್ಟದ ಕಡೆ ಕಿಟಕಿಗೆ ಪರದೆ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಆಕೆಗೆ 61 ವರ್ಷ. ಮದುವೆಯಾದಾಗಿನಿಂದ ಬಸವನಗುಡಿಯಲ್ಲೇ ಇದ್ದವರು. ಯಜಮಾನರು ರಿಟೈರ್ ಆದಮೇಲೆ ನಂದಿಬೆಟ್ಟದ ತಪ್ಪಲಿನ ಲೇಔಟ್‌ನಲ್ಲಿ ಮನೆ ಕಟ್ಟಿಸಿದರು. ಬೆಂಗಳೂರಿಂದ ಸುಮಾರು 60 ಕಿಲೋಮೀಟರ್. ಕಿಟಕಿ ತೆಗೆದರೆ ಬೆಟ್ಟ, ಅದರ ಈಚೆ ಕಡೆ ದ್ರಾಕ್ಷಿ ತೋಟ.

"ನಿದ್ದೆ ಬರ್ತಿಲ್ಲ ಮೇಡಂ. ಸುಮ್ನೆ ಅಳು ಬರುತ್ತೆ" ಅಂದರು. ಎರಡನೇ ಸಲ ಬಂದಾಗ ಹೇಳಿದರು, ಸಂಜೆ 4 ಗಂಟೆಗೇ ಬೆಟ್ಟದ ಕಡೆ ಕಿಟಕಿಗೆ ಪರದೆ ಎಳೆದುಬಿಡ್ತಾರಂತೆ. "ಯಾಕಮ್ಮಾ?" ಅಂದೆ. "ಅದನ್ನ ನೋಡಿ ಖುಷಿಪಡಬೇಕು, ಅಲ್ವಾ? ನನಗೆ ಆಗ್ತಿಲ್ಲ. ಬಂದವರೆಲ್ಲ ನಿಮಗೇನು ಸ್ವರ್ಗದಲ್ಲಿದ್ದೀರಿ ಅಂತಾರೆ. ತಂಗಿ ಹತ್ರಾನೂ ಬಾಯಿಬಿಡೋಕಾಗಲ್ಲ."

ದುಃಖಕ್ಕಿಂತ ಈ ತಪ್ಪಿತಸ್ಥ ಭಾವನೆಯೇ ಅವರನ್ನು ಜಾಸ್ತಿ ಹಿಂಡುತ್ತಿತ್ತು. ಹಳೇ ಮನೆಯ ಒಂದು ಮಾಮೂಲಿ ದಿನ ಹೇಳಿ ಅಂದೆ. ಮುಖವೇ ಬದಲಾಯಿತು. ಗಾಂಧಿಬಜಾರಿನ ಹೂವಿನಾಕೆ ಎರಡು ಮೊಳ ಅಳೆದು, ಕೊಸರು ಅಂತ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸುತ್ತಿದ್ದಳಂತೆ. "ಮಗಳು ಬಂದ್ಲಾ ಅಮ್ಮಾ?" ಅಂತ ಕೇಳುತ್ತಿದ್ದಳಂತೆ. ಈಗ ಹೂವು ವಾರಕ್ಕೊಮ್ಮೆ ಚಿಕ್ಕಬಳ್ಳಾಪುರದಿಂದ ಕಾರಲ್ಲಿ ಬಂದು ಫ್ರಿಜ್ ಸೇರುತ್ತದೆ. ಇವರಿಗೆ ಡ್ರೈವಿಂಗ್ ಬರದು, ಗೇಟಿನ ಹತ್ತಿರ ಆಟೋ ಸಿಗದು. ಏನು ಬೇಕಾದರೂ "ರೀ, ಬರ್ತೀರಾ?" ಅನ್ನಬೇಕು.

ನಾನು ಹೇಳಿದ್ದು ಇಷ್ಟು. ಬೆಟ್ಟ ಚೆಂದವೇ, ಆದರೆ ಅದು ನಿಮ್ಮ ಮಗಳ ಬಗ್ಗೆ ವಿಚಾರಿಸಲ್ಲ. ಬೇಜಾರಾದರೆ ನೀವು ಕೃತಘ್ನರಲ್ಲ. ವಾರಕ್ಕೊಂದು ದಿನ ಒಬ್ಬರೇ ಚಿಕ್ಕಬಳ್ಳಾಪುರದಿಂದ ಬಸ್ಸಲ್ಲಿ ಮೆಜೆಸ್ಟಿಕ್‌ಗೆ ಬನ್ನಿ, ಮೆಟ್ರೋದಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜ್ ನಿಲ್ದಾಣಕ್ಕೆ ಹೋಗಿ, ರಾತ್ರಿ ತಂಗಿ ಮನೆಯಲ್ಲಿರಿ. ಸೋಮವಾರ ಭೋಗನಂದೀಶ್ವರನ ಗುಡಿಗೆ ಹೋಗಿ, ನಂದಿ ಊರಿನವರ ಪರಿಚಯ ಮಾಡಿಕೊಳ್ಳಿ. ಆರು ತಿಂಗಳು ಮನೆ ಮಾರುವ ಮಾತು ಬೇಡ.

ಅಳು, ನಿದ್ದೆಗೇಡು ಎರಡು ವಾರ ದಾಟಿದ್ದರಿಂದ ಮನೋವೈದ್ಯರ ಹತ್ತಿರ ಕಳಿಸಿದೆ. ಥೈರಾಯ್ಡ್, ಬಿ12 ಪರೀಕ್ಷೆಯನ್ನೂ ಮಾಡಿಸಲು ಹೇಳಿದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂದೆ.

ಯಜಮಾನರನ್ನೂ ಕರೆಸಿದೆ. "ಪಿಎಫ್ ದುಡ್ಡೆಲ್ಲ ಸುರಿದಿದ್ದೀನಿ ಮೇಡಂ" ಅಂದರು, ಕಣ್ಣಲ್ಲಿ ನೀರಿತ್ತು. ಅವರ ನೋವೂ ಸಣ್ಣದಲ್ಲ. ಆಕೆ ಬೇಜಾರು ಅಂದಾಗ "ಎಷ್ಟು ಚೆನ್ನಾಗಿದೆ ನೋಡು" ಅನ್ನಬೇಡಿ, ಪಕ್ಕದಲ್ಲಿ ಕೂತು ಕೇಳಿ ಅಂತ ಕೇಳಿಕೊಂಡೆ.

ಮೊನ್ನೆ ಆಕೆ ಬಸ್ಸಲ್ಲಿ ಒಬ್ಬರೇ ಬಂದಿದ್ದರು. ಮುಡಿಯಲ್ಲಿ ಗಾಂಧಿಬಜಾರಿನ ಕನಕಾಂಬರ. ಮಾತ್ರೆ ನಡೆಯುತ್ತಿದೆ, ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಮುಂದಿನ ತಿಂಗಳು ಇಬ್ಬರನ್ನೂ ಒಟ್ಟಿಗೆ ಬರಹೇಳಿದ್ದೇನೆ.